ಬಳೆ ಬಿಚ್ಚಿಸಿ, ಬಿಪಿ ನೋಡಿ

ಅಸಹಕಾರ ಚಳವಳಿ 1922ರಲ್ಲೇ ನಿಂತಿತು ಎಂದು ಪಠ್ಯಪುಸ್ತಕ ಹೇಳುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕೇಸ್‌ಶೀಟು ಓದಿದವರು ಇದನ್ನು ಒಪ್ಪಲಾರರು. ಸಂಡೂರು ಕಡೆಯ ತಾಂಡಾದ ಮುದುಕಿ ಬಿಪಿ ನೋಡಲು ಸಹಕರಿಸಲಿಲ್ಲ. ಮಾನ್ವಿಯ ಕೂಲಿಕಾರ ಮಧ್ಯಾಹ್ನದ ಗುಳಿಗಿ ನುಂಗಲು ಸಹಕರಿಸಲಿಲ್ಲ. ಕುಷ್ಟಗಿಯ ಬಸುರಿ ತಿಂಗಳ ತಪಾಸಣೆಗೆ ಸಹಕರಿಸದೆ ಗುಳೆ ಹೋದಳು. ಆಸ್ಪತ್ರೆ ಮಾತ್ರ ಎಲ್ಲರಿಗೂ ಸಹಕರಿಸುತ್ತಲೇ ಇದೆ, ಪಾಪ.

ಈ ಚಳವಳಿ ಹತ್ತಿಕ್ಕಲು ಹುಡುಕಿದ ಅಸ್ತ್ರವೇ ‘ಸಾಂಸ್ಕೃತಿಕ ಸಾಮರ್ಥ್ಯ’ ತರಬೇತಿ, ಅಂದರೆ ರೋಗಿಯ ರೂಢಿ ನಂಬಿಕೆ ಅರಿತು ಆರೈಕೆ ಮಾಡಲು ಸಿಬ್ಬಂದಿಗೆ ಕಲಿಸುವುದು. ಮೂಲ ಸರಕು ಒಳ್ಳೆಯದೇ. ಅಮೆರಿಕದ ನರ್ಸ್ ಮೆಡಲೀನ್ ಲೈನಿಂಜರ್ ಮಾನವಶಾಸ್ತ್ರ ಓದಿಕೊಂಡು ಬಂದು, ರೋಗಿಯ ರೂಢಿಗಳನ್ನು ಮೂರು ಬಗೆಯಾಗಿ ನೋಡಿ ಎಂದರು: ಇದ್ದಂತೆ ಬಿಡುವಂಥವು, ತುಸು ಹೊಂದಿಸಿಕೊಳ್ಳುವಂಥವು, ಮನವೊಲಿಸಿ ಬದಲಿಸುವಂಥವು. ತುಂಗಭದ್ರೆ ದಾಟುವಷ್ಟರಲ್ಲಿ ಮೂರು ಎರಡಾದವು: ಫೋಟೋ ತೆಗೆಯುವಂಥವು, ಬೈಯುವಂಥವು.

ಫೋಟೋದ ಬಗೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 1,755 ಕಸೂತಿ ನಮೂನೆಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯನ್ನೂ ಮಾಡಿದೆವು. ತರಬೇತಿಯ ಸ್ಲೈಡಿನಲ್ಲೂ ಅದೇ ಕನ್ನಡಿ ಹೊಲಿದ ಫೇಟಿಯಾ ಲಂಗ ಮಿರಮಿರ ಮಿಂಚುತ್ತದೆ. ಅದನ್ನು ತೊಟ್ಟ ಮುದುಕಿ ಹೊರರೋಗಿ ಸಾಲಿನಲ್ಲಿ ಬಂದು ಕೂತಾಗಲೇ ಪೇಚಾಟ. ಬಿಪಿ ಪಟ್ಟಿ ಬರಿ ತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಬರಬೇಕು. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನಾದರೂ ಆವರಿಸಬೇಕು. ಮದುವೆಯಾದಾಗ ಏರಿಸಿದ ತೋಳಬಳೆಗಳು ಅದೇ ಜಾಗದಲ್ಲಿವೆ. “ಬಳಿ ತಗೀರಿ ಯಮ್ಮಾ” ಎಂದರೆ ಆಕೆಯ ಕಿವಿಗೆ ಬೀಳುವುದು ಗಂಡ ಸತ್ತ ಸುದ್ದಿ. ಎದ್ದು ಹೋಗುತ್ತಾಳೆ. ಷರಾ ಸಿದ್ಧ: ‘ರೋಗಿ ಸಹಕರಿಸಲಿಲ್ಲ’.

ಬಳೆ ಇಲ್ಲದ ಇನ್ನೊಂದು ತೋಳಿದ್ದರೆ ಅಲ್ಲಿ ನೋಡಬಹುದು. ಇಲ್ಲದಿದ್ದರೆ ಅಳತೆಗೆ ಹೊಂದುವ ಪಟ್ಟಿಯನ್ನು ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಕಟ್ಟಿ, ಕೈಯನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಿಸಿ ನೋಡಬಹುದು. ಅಲ್ಲಿಯ ಅಂಕಿ ಸಾಮಾನ್ಯವಾಗಿ ತುಸು ಹೆಚ್ಚೇ ಬರುವುದರಿಂದ ‘ಮುಂಗೈ’ ಎಂದು ಬರೆದಿಟ್ಟು, ಮುಂದಿನ ಸಲವೂ ಅಲ್ಲೇ ನೋಡಬೇಕು. ಅಷ್ಟೇ. ಇಷ್ಟಕ್ಕೆ ಕಾರ್ಯಾಗಾರವೇನೂ ಬೇಡ; ಬೇಕಾದದ್ದು ಎರಡನೇ ಅಳತೆಯ ಪಟ್ಟಿ. ಅದರ ಇಂಡೆಂಟ್ ಹೋಗಿದೆ, ಬರುತ್ತದೆ.

ಇನ್ನು ಬೈಯುವ ಬಗೆ. ಬಾಣಂತಿ ತಲೆಗೆ ಬಟ್ಟೆ ಬಿಗಿದು ಕಿವಿಗೆ ಹತ್ತಿ ಇಟ್ಟುಕೊಂಡಿರುತ್ತಾಳೆ. ಇದರಿಂದ ತಾಯಿಗೂ ಕೂಸಿಗೂ ಕೂದಲಷ್ಟೂ ಕೇಡಿಲ್ಲ. ಆದರೂ ರೌಂಡ್ಸಿನ ಹತ್ತು ನಿಮಿಷ ಈ ಹತ್ತಿಗೇ ಮೀಸಲು: ಯಾವ ಕಾಲದಾಗ ಇದೀರಿ, ಬಿಸಲು ನೋಡೀರೇನು, ಇತ್ಯಾದಿ. ಬೈಗುಳ ಮುಗಿದು ಡಿಸ್ಚಾರ್ಜ್ ಚೀಟಿ ಕೈಗೆ ಬರುತ್ತದೆ. ಕೂಸಿಗೆ ಜೇನು ನೆಕ್ಕಿಸುತ್ತೀರಾ (ವರ್ಷ ತುಂಬುವ ತನಕ ಕೂಡದು), ಬಾಣಂತಿಗೆ ನೀರು ಕಡಿಮೆ ಕೊಡುತ್ತೀರಾ, ಮುಚ್ಚಿದ ಕೋಣೆಯಲ್ಲಿ ಲೋಬಾನದ ಹೊಗೆ ಹಾಕುತ್ತೀರಾ, ಜ್ವರ ಬಂದರೆ ಊದಿನಕಡ್ಡಿಯಿಂದ ಹೊಟ್ಟೆಗೆ ಬರೆ ಎಳೆಯುತ್ತೀರಾ ಎಂಬ ನಾಲ್ಕು ಪ್ರಶ್ನೆ ಯಾರೂ ಕೇಳಿರುವುದಿಲ್ಲ. ಕೇಳಿದರೂ ಬಾಣಂತಿಯನ್ನು ಕೇಳಿ ಫಲವಿಲ್ಲ. ತೀರ್ಮಾನ ಅತ್ತೆಯದು ಇಲ್ಲವೆ ತವರಿನ ಅವ್ವನದು. ಅವರನ್ನು ಗೇಟಿನ ಹೊರಗೆ ಕೂರಿಸಲು ನಾವು ಸೆಕ್ಯುರಿಟಿ ಇಟ್ಟಿದ್ದೇವೆ.

ಆಹಾರದ ಚೀಟಿಯಲ್ಲಿ ಓಟ್ಸ್ ಇದೆ, ಬ್ರೊಕೊಲಿ ಇದೆ, ಆಲಿವ್ ಎಣ್ಣೆ ಇದೆ. ದೇವದುರ್ಗದ ಸಂತೆಯಲ್ಲಿ ಬ್ರೊಕೊಲಿ ಸಿಗುವ ದಿನ ಸಂಸ್ಕೃತಿಯ ಸಮಸ್ಯೆ ತಾನಾಗಿ ಬಗೆಹರಿಯಲಿದೆ. ಅಲ್ಲಿಯವರೆಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಹಿಂಡಿಗಳ ಹೆಸರು ಅಲ್ಲಿ ಬರಕೂಡದು, ಚೀಟಿಯ ಘನತೆ ಕುಂದುತ್ತದೆ. ಬಸುರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ಕಬ್ಬಿಣದ ಗುಳಿಗಿ, ಜೊತೆಗೆ ದಿನಕ್ಕೆರಡು ಕ್ಯಾಲ್ಸಿಯಂ. ಚಹಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆ ಹಿಂಡಿದ ಊಟವಾದರೆ ಹತ್ತುತ್ತದೆ; ಕ್ಯಾಲ್ಸಿಯಂಗೂ ಅದಕ್ಕೂ ಎರಡು ತಾಸು ಅಂತರ ಬೇಕು. ಮಲ ಕಪ್ಪಾಗುವುದು ಸಹಜ. ಈ ಕೊನೆಯ ಮಾತು ಮೊದಲೇ ಹೇಳದಿದ್ದರೆ ಕೂಸೂ ಕಪ್ಪಾಗುತ್ತದೆಂದು ಗುಳಿಗಿ ತಿಪ್ಪೆ ಸೇರುತ್ತವೆ. ಆಮೇಲೆ ಎಲೆ ಅಡಿಕೆ ಹಾಕಿದ ಆಕೆಯ ನಾಲಗೆ ನೋಡಿ, ಕೆಂಪಗಿದೆ, ರಕ್ತ ಸಾಕಷ್ಟಿದೆ ಎಂದು ಬರೆಯುವವರೂ ಇದ್ದಾರೆ. ಕೆಳರೆಪ್ಪೆ ಎಳೆದು ನೋಡಬೇಕು, ಹಿಮೋಗ್ಲೋಬಿನ್ ಅಳೆಯಬೇಕು. ಏಳಕ್ಕಿಂತ ಕೆಳಗಿದ್ದರೆ ಗುಳಿಗಿಯ ಮಾತೇ ಮುಗಿಯಿತು, ಮೇಲಿನ ಆಸ್ಪತ್ರೆಗೆ ಕಳಿಸಬೇಕು.

ಕೂಲಿಕಾರನದು ಬೇರೆ ಗಣಿತ. ಚೀಟಿಯಲ್ಲಿ 1-1-1, ಊಟದ ನಂತರ. ಅವನಿಗಿರುವುದು ಎರಡೇ ಊಟ. ನಡುವಿನ ಒಂದನ್ನು ನುಂಗಲು ಮೂರನೇ ಊಟ ಯಾವ ಯೋಜನೆಯಲ್ಲಿ ಬರುತ್ತದೆಂದು ಔಷಧಿ ಕಿಟಕಿಯಲ್ಲಿ ಹೇಳುವವರಿಲ್ಲ.

ನೋಂದಣಿಯ ಕಂಪ್ಯೂಟರ್ ‘ಗಂಡನ ಹೆಸರು’ ಕೇಳಿ ಮುಂದಕ್ಕೆ ಹೋಗದೆ ನಿಲ್ಲುತ್ತದೆ. ದೇವದಾಸಿಯರನ್ನಾಗಿ ಮಾಡುವುದನ್ನು ನಿಷೇಧಿಸಿದ ಕಾಯ್ದೆ ಬಂದದ್ದು 1982ರಲ್ಲಿ. ಆ ಹೆಂಗಸರು ಮಾತ್ರ ಈ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ, ಅವರಿಗೂ ಜಡ್ಡು ಬರುತ್ತದೆ. ಸಾಲಿನ ಮುಂದೆ, ಎಲ್ಲರಿಗೂ ಕೇಳುವಂತೆ, “ಏನ್ ಬರೀಲಿ ಹೇಳ್ರಿ” ಎಂದು ಮೂರು ಸಲ ಕೇಳಿಸಿಕೊಂಡವಳು ಮುಂದಿನ ತಿಂಗಳು ಬರದಿದ್ದರೆ ಅದಕ್ಕೆ ಒಂದು ಷರಾ ಇದ್ದೇ ಇದೆ.

ಇದನ್ನೆಲ್ಲ ನರ್ಸುಗಳ ತಲೆಗೆ ಕಟ್ಟುವುದು ಸುಲಭ. ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬ ನರ್ಸ್, ಉಳಿದ ಕಡೆ ಐವರಿಗೆ ಒಬ್ಬರು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ಓಡಾಡುವವಳಿಗೆ ಈ ಲೆಕ್ಕ ಕಥೆಯಂತೆ ಕೇಳಿಸುತ್ತದೆ. ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ ದೇವದುರ್ಗ, ಕುಷ್ಟಗಿ, ಸಂಡೂರುಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕು ಎಂದದ್ದು 2002ರಲ್ಲಿ. ಅಂದಿನಿಂದ ಹುದ್ದೆ ತುಂಬುವುದಕ್ಕಿಂತ ಸಾಮರ್ಥ್ಯ ತುಂಬುವುದು ಅಗ್ಗವೆಂದು ಮನಗಂಡಿದ್ದೇವೆ.

ಹೆರಿಗೆ ಕೋಣೆಯದೊಂದು ಬಾಕಿ ಇದೆ. ಹೆರಿಗೆಯ ಹೊತ್ತಿಗೆ ಜೊತೆಗೊಬ್ಬ ಹೆಂಗಸು, ಆದಷ್ಟೂ ತಾನು ಹೆತ್ತ ಅನುಭವ ಇದ್ದವಳು, ಉದ್ದಕ್ಕೂ ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಬ್ಯಾನಿ ತಿನ್ನುವ ಲಂಬಾಣಿ ಹುಡುಗಿಯ ಮಾತು ಸಿಸ್ಟರಿಗೆ ತಿಳಿಯದಿದ್ದಾಗ ಆ ಹೆಂಗಸೇ ದುಭಾಷಿ. ಆದರೂ “ಹೊರಗ ನಡೀರಿ” ಎನ್ನುತ್ತಾರೆ, ಏಕೆಂದರೆ ಎರಡು ಟೇಬಲ್ಲಿನ ನಡುವೆ ಪರದೆ ಇಲ್ಲ. ಇವಳ ಅವ್ವ ಒಳಗೆ ಬಂದರೆ ಪಕ್ಕದವಳ ಮಾನ ಹೋಗುತ್ತದೆ. ಪರದೆಗೆ ಅನುದಾನವಿಲ್ಲ. ತರಬೇತಿಯ ಫ್ಲೆಕ್ಸಿಗಿತ್ತು. ಅದು ಎಂಟಡಿ ಉದ್ದ, ಆರಡಿ ಅಗಲ, ನಾಲ್ಕೂ ಮೂಲೆಗೆ ಹಗ್ಗ ಕಟ್ಟುವ ತೂತು ಆಗಲೇ ಇವೆ, ರಕ್ತ ಸಿಡಿದರೆ ಬ್ಲೀಚಿಂಗ್ ನೀರಿನಲ್ಲಿ ಒರೆಸಬಹುದು. ಕಟ್ಟುವಾಗ ಮುಖ್ಯ ಅತಿಥಿಗಳ ಮುಖ ಗೋಡೆಯ ಕಡೆಗಿರಲಿ.