ಸೂರ್ಯನಲ್ಲೂ ಒಂದು ಸಹಿ ಬಾಕಿ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ, ನಮ್ಮೂರ ತಿರುವಿನಲ್ಲಿ ಒಂದು ಸೋಲಾರ್ ದೀಪದ ಕಂಬ ಇದೆ. ಸರಿಯಾಗಿ ಹಲಸಿನ ಮರದ ಬುಡದಲ್ಲಿ. ಪ್ಯಾನೆಲ್ಲಿನ ಮುಖ ಉತ್ತರಕ್ಕೆ. ಯಾಕೆ ಉತ್ತರಕ್ಕೆ ಅಂದರೆ, ಉದ್ಘಾಟನೆ ಮಾಡಿದವರ ಹೆಸರಿನ ಬೋರ್ಡು ರಸ್ತೆಗೆ ಕಾಣಬೇಕಿತ್ತು. ಬೋರ್ಡಿಗೂ ಪ್ಯಾನೆಲ್ಲಿಗೂ ಒಂದೇ ಕ್ಲಾಂಪು. ಉದ್ಘಾಟನೆ ನಡೆದದ್ದು ಆರಿದ್ರಾ ಮಳೆಯಲ್ಲಿ, ಕೊಡೆ ಹಿಡಿದುಕೊಂಡು. ಈಗ ಪ್ಯಾನೆಲ್ ಮೇಲೆ ಹಸಿರು ಪಾಚಿ ಕಟ್ಟಿದೆ. ದೀಪ ಒಂದು ದಿನವೂ ಹತ್ತಿಲ್ಲ. ಯಾರೋ ಪುಣ್ಯಾತ್ಮರು ಕಂಬಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಯೋಜನೆಯಿಂದ ಫಲ ಬಂದಿಲ್ಲ ಅಂತ ಹೇಳುವ ಹಾಗಿಲ್ಲ.

ಕಂಬವನ್ನು ಹತ್ತು ಮಾರು ಆಚೆ, ಬಿಸಿಲು ಬೀಳುವಲ್ಲಿ ನೆಡಿ ಅಂತ ಊರವರು ಅರ್ಜಿ ಕೊಟ್ಟರು. ಅದಕ್ಕೊಂದು ಕಡತ ಹುಟ್ಟಿತು. ಟಿಪ್ಪಣಿ ಹಾಳೆಯಲ್ಲಿ ಮೊದಲು ‘ಚರ್ಚಿಸಿ’ ಎಂದು ಷರಾ. ಅದರ ಕೆಳಗೆ ‘ಚರ್ಚಿಸಲಾಯಿತು’. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ‘ಏನು ಚರ್ಚಿಸಲಾಯಿತು? ಮಂಡಿಸಿ’. ಇನ್ನು ಬೇಕಾಗಿರುವುದು ಒಂದೇ ಸಹಿ.

ನಮ್ಮೂರ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ವಿಚಾರಿಸಲು ಹೋದರು. ಸಾಹೇಬರು ಓದಿಕೊಂಡವರು.

“ಕೂತ್ಕೊಳ್ಳಿ ಮೇಷ್ಟ್ರೇ. ಸೂರ್ಯನ ಒಳಗೆ ಒಂದು ಪ್ರೋಟಾನು ಇನ್ನೊಂದರ ಜೊತೆ ಬೆಸೆಯೋ ತನ್ನ ಸರದಿಗೆ ಎಷ್ಟು ವರ್ಷ ಕಾಯುತ್ತೆ, ನೀವೇ ಹೇಳಿ.”

“ಸರಾಸರಿ ಸಾವಿರ ಕೋಟಿ ವರ್ಷದ ಹತ್ತಿರ, ಸಾರ್.”

“ಮತ್ತೆ? ಅದು ಎಲ್ಲಾದ್ರೂ ಬಂದು ನನ್ನ ಕಡತ ಏನಾಯ್ತು ಅಂತ ಕೇಳಿದ್ಯಾ?”

ಸಾಹೇಬರು ಹೇಳಿದ್ದು ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಸೂರ್ಯನ ತಿರುಳಿನಲ್ಲಿ ಶಾಖ ಸುಮಾರು 1.5 ಕೋಟಿ ಡಿಗ್ರಿ. ಅಲ್ಲಿ ಪ್ರೋಟಾನುಗಳು, ಅಂದರೆ ಹೈಡ್ರೋಜನ್ ಪರಮಾಣುವಿನ ತಿರುಳುಗಳು, ಒಂದರ ಮೇಲೊಂದು ನುಗ್ಗುತ್ತಲೇ ಇರುತ್ತವೆ. ಎಲ್ಲಕ್ಕೂ ಧನ ವಿದ್ಯುದಂಶ, ಹಾಗಾಗಿ ಹತ್ತಿರ ಬರುವ ಮೊದಲೇ ಒಂದನ್ನೊಂದು ದೂಡುತ್ತವೆ. ಆ ತಡೆ ದಾಟುವಷ್ಟು ಕಸುವು ಅಷ್ಟು ಶಾಖದಲ್ಲೂ ಸಾಲದು. ಅಪರೂಪಕ್ಕೆ ಕೆಲವು, ತಡೆಯನ್ನು ಹತ್ತದೆಯೇ ಆಚೆ ತಲುಪಿಸುವ ಕ್ವಾಂಟಮ್ ಸುರಂಗದಲ್ಲಿ ನುಸುಳಿ ಜೋಡಿಯಾಗುತ್ತವೆ. ಜೋಡಿಯಾದರೂ ಸುಖ ಇಲ್ಲ. ಬರೀ ಎರಡು ಪ್ರೋಟಾನುಗಳ ಸಂಸಾರ ನಿಲ್ಲುವುದಿಲ್ಲ, ಕೂಡಲೇ ಮುರಿದುಬೀಳುತ್ತದೆ. ಆ ಚಣದಲ್ಲೇ ಎರಡರಲ್ಲೊಂದು ನ್ಯೂಟ್ರಾನ್ ಆಗಿ ಬದಲಾದರೆ ಮಾತ್ರ ಡ್ಯೂಟೀರಿಯಂ, ಅಂದರೆ ಭಾರದ ಹೈಡ್ರೋಜನ್, ಆಗಿ ಉಳಿಯುತ್ತದೆ. ಹಾಗೆ ಬದಲಾಯಿಸುವ ಅಧಿಕಾರ ದುರ್ಬಲ ನ್ಯೂಕ್ಲಿಯ ಬಲ ಒಂದಕ್ಕೇ ಇರುವುದು. ಅದು ಮಹಾ ನಿಧಾನಿ. ಡಿಕ್ಕಿಗಳೆಲ್ಲ ಹೆಚ್ಚುಕಮ್ಮಿ ದಂಡವೇ.

“ನಿಧಾನ ಇರೋದ್ರಿಂದ್ಲೇ ಸೂರ್ಯ 460 ಕೋಟಿ ವರ್ಷದಿಂದ ಉರೀತಾ ಇದಾನೆ ಮೇಷ್ಟ್ರೇ,” ಅಂದರು ಸಾಹೇಬರು. “ಎಲ್ಲಾ ಕಡತಕ್ಕೂ ಅವತ್ತೇ ಸಹಿ ಹಾಕಿದ್ರೆ ಸ್ಫೋಟ ಆಗ್ಬಿಡ್ತಿತ್ತು. ನಾವೂ ಇಲ್ಲಿ ಸ್ಫೋಟ ತಡೀತಾ ಇದೀವಿ.”

ಮೇಷ್ಟ್ರು ಸುಮ್ಮನಿರಲಿಲ್ಲ. “ಸಾರ್, ಅಷ್ಟೊಂದು ನಿಧಾನ ಇರೋದು ಆ ಮೊದಲ ಮೆಟ್ಟಿಲಲ್ಲಿ ಮಾತ್ರ. ಡ್ಯೂಟೀರಿಯಂ ಆದ ಮೇಲೆ ಇನ್ನೊಂದು ಪ್ರೋಟಾನು ಸೇರಿ ಹೀಲಿಯಂ-3 ಆಗೋಕೆ ಕೆಲವೇ ಸೆಕೆಂಡು ಸಾಕು. ಇಲ್ಲಿ ಸಹಿ ಆದ ಮೇಲೂ ಟಪ್ಪಾಲಿನಲ್ಲಿ ಎರಡು ತಿಂಗಳು.” ಇನ್ನೊಂದು ಮಾತನ್ನೂ ಹೇಳಿದರಂತೆ. ಸೂರ್ಯನ ತಿರುಳಿನ ಒಂದು ಘನ ಮೀಟರಿನಿಂದ ಬರುವುದು ಮುನ್ನೂರು ವಾಟಿಗೂ ಕಡಿಮೆ. ನಮ್ಮ ತೋಟದ ಗೊಬ್ಬರದ ಗುಂಡಿಯೂ ಅಷ್ಟು ಬಿಸಿ ಕಾರುತ್ತದೆ. ಆದರೆ ಅಲ್ಲಿ ಯಾರೂ ಊಟಕ್ಕೆ ಎದ್ದು ಹೋಗುವುದಿಲ್ಲ. ಲೆಕ್ಕವಿಲ್ಲದಷ್ಟು ಪ್ರೋಟಾನುಗಳು ಬಿಡದೆ ಪ್ರಯತ್ನಿಸುತ್ತವೆ. ಹಾಗಾಗಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತದೆ, ಅದರಲ್ಲಿ 40 ಲಕ್ಷ ಟನ್ನಿಗೂ ಜಾಸ್ತಿ ಶಕ್ತಿಯಾಗಿ ಹೊರಬೀಳುತ್ತದೆ. ಪ್ರತಿ ಸೆಕೆಂಡಿಗೆ ವಿಲೇವಾರಿ ಇಷ್ಟು. ಇಲ್ಲಿ ವರ್ಷಕ್ಕೆ?

ಸೂರ್ಯ ರಸೀದಿಯನ್ನೂ ಕೊಡುತ್ತಾನೆ. ಒಂದು ಪ್ರೋಟಾನು ನ್ಯೂಟ್ರಾನ್ ಆದ ಕೂಡಲೇ ನ್ಯೂಟ್ರಿನೊ ಎಂಬ, ಯಾವುದಕ್ಕೂ ಅಷ್ಟಾಗಿ ತಾಗದ ಪುಟ್ಟ ಕಣವೊಂದು ಹೊರಡುತ್ತದೆ. ತಿರುಳಲ್ಲಿ ಹುಟ್ಟಿದ ಬೆಳಕು ತಿಣುಕಾಡಿ ಹೊರಬರಲು ಸಾವಿರಾರು ವರ್ಷ ಬೇಕು. ನ್ಯೂಟ್ರಿನೊ ಎರಡೇ ಸೆಕೆಂಡಿನಲ್ಲಿ ಸೂರ್ಯನನ್ನು ದಾಟಿ, ಎಂಟು ನಿಮಿಷ ಚಿಲ್ಲರೆಯಲ್ಲಿ ಇಲ್ಲಿಗೆ ತಲುಪುತ್ತದೆ. ಮಳೆಗಾಲ, ಮೋಡ, ಹಲಸಿನ ಮರ, ಸಾಹೇಬರ ಮೇಜು, ಮೇಜಿನ ಮೇಲಿನ ಕಡತ, ಎಲ್ಲವನ್ನೂ ತೂರಿಕೊಂಡು ಹೋಗುತ್ತದೆ, ಯಾರ ಸಹಿಯೂ ಇಲ್ಲದೆ. ವಾತಾವರಣದಲ್ಲಿ ಹುಟ್ಟುವ ಇದೇ ಜಾತಿಯ ಕಣಗಳ ಸುಳಿವು 1965ರಲ್ಲೇ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಸಿಕ್ಕಿತ್ತು. ಎರಡು ಕಿಲೋಮೀಟರ್ ಬಂಡೆಯ ಕೆಳಗೆ ನ್ಯೂಟ್ರಿನೊ ಹುಡುಕಿ ತೆಗೆದ ರಾಜ್ಯದಲ್ಲಿ ಹತ್ತು ಮಾರು ದೂರದ ಬಿಸಿಲು ಹುಡುಕಲು ಸಮಿತಿ ಬೇಕಂತೆ.

ನಗುವುದಕ್ಕೂ ಒಂದು ಮಿತಿ ಇದೆ ಬಿಡಿ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ನಾಡಿಗೆಲ್ಲ ಬೆಳಕು ಕೊಟ್ಟ ಜಿಲ್ಲೆ ಇದು. ಮುಳುಗಡೆಯಲ್ಲಿ ಮನೆ, ಗದ್ದೆ ಬಿಟ್ಟು ಬಂದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಸಾವಿರ ಕೋಟಿ ವರ್ಷದ ಜೋಕು ಅವರ ಮುಂದೆ ಹೇಳಲು ಧೈರ್ಯ ಬೇಕು.

ಮೇಷ್ಟ್ರಿಗೆ ಕಳೆದ ವಾರ ಹಿಂಬರಹ ಬಂದಿದೆ. ಸೀಲು, ಸಹಿ ಎಲ್ಲಾ ಇದೆ. ಈ ಸಹಿಗೆ ಮಾತ್ರ ತಡ ಆಗಲಿಲ್ಲ ನೋಡಿ. “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಪರಿಶೀಲಿಸಲಾಗಿ, ಸೂರ್ಯನಲ್ಲಿ ಇನ್ನೂ ಸುಮಾರು 500 ಕೋಟಿ ವರ್ಷಗಳಿಗೆ ಸಾಕಾಗುವಷ್ಟು ಹೈಡ್ರೋಜನ್ ದಾಸ್ತಾನು ಇರುವುದು ಕಂಡುಬಂದಿರುವುದರಿಂದ, ಸದರಿ ಕಂಬದ ಸ್ಥಳಾಂತರವನ್ನು ತುರ್ತು ಪ್ರಕರಣವೆಂದು ಪರಿಗಣಿಸಲು ಅವಕಾಶವಿರುವುದಿಲ್ಲ.”