ಕ್ಯಾಮೆರಾ ವೇದಿಕೆ ಬಿಟ್ಟು ಟ್ರ್ಯಾಕ್ ಕಡೆ ತಿರುಗಲಿ

ಯುಗಾದಿ ಮುಗಿದು ಹೊಲ ಖಾಲಿ ಆದಮೇಲೆ ನಮ್ಮ ಕಡೆ ಶರ್ಯತ್ತಿನ ಹಂಗಾಮು. ಅಥಣಿ, ರಾಯಬಾಗ, ಮುಧೋಳ, ಜಮಖಂಡಿ ಸೀಮೆಯ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ ಪಂದ್ಯ, ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಓಡಿಸುವ ಪಂದ್ಯ. ಬೆಳಗಾವಿ ಸುತ್ತ ಮಣ್ಣಿನ ಟ್ರ್ಯಾಕಿನ ಬೈಕ್ ರೇಸು. ಈಗ ಹೆಚ್ಚುಕಡಿಮೆ ಎಲ್ಲದಕ್ಕೂ ಯೂಟ್ಯೂಬ್ ಲೈವ್ ಇದೆ. ಪುಣೆ, ಗೋವಾ ಕಡೆ ದುಡಿಯಲು ಹೋದ ಊರ ಹುಡುಗರು ಮೊಬೈಲ್ ಹಿಡಿದು ಕಾಯುತ್ತಾರೆ. ಆದರೆ ಹತ್ತು ನಿಮಿಷ ನೋಡಿದರೂ ಯಾರು ಮುಂದಿದ್ದಾರೆ ಅಂತ ತಿಳಿಯುವುದಿಲ್ಲ. ಧೂಳು ಕಾಣುತ್ತದೆ, ಸದ್ದು ಒಡೆಯುತ್ತದೆ, ಬಾವುಟ ಬೀಳುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ವೇದಿಕೆಯಲ್ಲಿ ಶಾಲು ಹೊದಿಸುವುದನ್ನು ತೋರಿಸುತ್ತಿರುತ್ತದೆ.

ದುಡ್ಡಿಲ್ಲ, ಅದಕ್ಕೇ ಹೀಗೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡಿದ್ದವರೂ ಇಲ್ಲೇ ಎಡವಿದ್ದಾರೆ. ಫಾರ್ಮುಲಾ ಒನ್ ಕಾರ್ ರೇಸಿನಲ್ಲಿ ಇಡೀ ಜಗತ್ತಿಗೆ ಹೋಗುವುದು ಒಂದೇ ಫೀಡ್, ಅಂದರೆ ಒಂದೇ ನೇರಪ್ರಸಾರದ ಚಿತ್ರ. ಭಾರತದಲ್ಲಿ 2022ರವರೆಗೆ ಸ್ಟಾರ್ ಸ್ಪೋರ್ಟ್ಸ್ ಇತ್ತು, 2024ರಿಂದ ಫ್ಯಾನ್‌ಕೋಡ್ ಬಂತು. ಚಾನೆಲ್ ಬದಲಾದರೂ ಮೂಲ ಚಿತ್ರ ಅದೇ. ಮೊನಾಕೊದಲ್ಲಿ ಮಾತ್ರ 2022ರ ತನಕ ಅಲ್ಲಿನ ಸ್ಥಳೀಯ ತಂಡವೇ ಚಿತ್ರೀಕರಿಸುತ್ತಿತ್ತು. 2021ರ ರೇಸಿನಲ್ಲಿ ವೆಟೆಲ್ ಎಂಬ ಡ್ರೈವರ್ ಪಿಟ್‌ನಿಂದ (ಟೈರು ಬದಲಿಸುವ ಜಾಗ) ಹೊರಬಂದು ಗ್ಯಾಸ್ಲಿ ಜೊತೆ ಏರಿನಲ್ಲಿ ಚಕ್ರಕ್ಕೆ ಚಕ್ರ ಹಚ್ಚಿ ಹೋಗುತ್ತಿದ್ದಾಗಲೇ ಡೈರೆಕ್ಟರ್ ಅದನ್ನು ಕಡಿದು, ಲ್ಯಾನ್ಸ್ ಸ್ಟ್ರೋಲ್ ಟ್ರ್ಯಾಕಿನ ಅಂಚುಕಟ್ಟೆ ಹತ್ತಿದ ರಿಪ್ಲೇ ಹಾಕಿಬಿಟ್ಟ. 2025ರ ಸಿಂಗಾಪುರದಲ್ಲಿ ಬ್ರೇಕ್ ಕೈಕೊಟ್ಟ ಹ್ಯಾಮಿಲ್ಟನ್‌ನನ್ನು ಅಲೊನ್ಸೊ ಕೊನೆಯ ಸುತ್ತುಗಳಲ್ಲಿ ಬೆನ್ನಟ್ಟಿದ್ದು ಪರದೆಗೆ ಸರಿಯಾಗಿ ಬರಲೇ ಇಲ್ಲ. ಡ್ರೈವರ್‌ಗಳ ಗೆಳತಿಯರನ್ನೂ ಗಣ್ಯರನ್ನೂ ತೋರಿಸುತ್ತ ರೇಸನ್ನೇ ಬಿಡುತ್ತಿದ್ದಾರೆ ಎಂದು ಇನ್ನೊಬ್ಬ ಡ್ರೈವರ್ ಕಾರ್ಲೋಸ್ ಸೈನ್ಸ್ ಬಹಿರಂಗವಾಗಿ ದೂರಿದ. ಅವರ ಗಣ್ಯರ ಗ್ಯಾಲರಿ, ನಮ್ಮ ಶಾಲು-ಹಾರ, ಎರಡೂ ಒಂದೇ ರೋಗ.

ರೇಸು ನೋಡುವವನಿಗೆ ಬೇಕಾದದ್ದು ಅಂತರ. ಮುಂದಿನವನಿಗೂ ಹಿಂದಿನವನಿಗೂ ಎಷ್ಟಿದೆ, ಹೋದ ಸುತ್ತಿಗಿಂತ ಹೆಚ್ಚಾಯಿತೋ ಕಡಿಮೆಯಾಯಿತೋ. ಮೂರು ಫೋನು, ಒಂದು ಲ್ಯಾಪ್‌ಟಾಪ್, ಹಲವು ಕ್ಯಾಮೆರಾದ ಚಿತ್ರ ಜೋಡಿಸಿ ಲೈವ್ ಕಳಿಸುವ ಓಬಿಎಸ್ ಎಂಬ ಉಚಿತ ಸಾಫ್ಟ್‌ವೇರ್ ಇದ್ದರೆ ಅಷ್ಟನ್ನು ತೋರಿಸಬಹುದು.

ಮೊದಲು ಜಾಗ. ಮುಖ್ಯ ಕ್ಯಾಮೆರಾ ನೆಲದಿಂದ 4-5 ಮೀಟರ್ ಎತ್ತರದಲ್ಲಿರಬೇಕು: ಮನೆ ಮಾಳಿಗೆ, ಲಾರಿಯ ಮೇಲ್ಭಾಗ, ಕಟ್ಟಿದ ಅಟ್ಟ, ಏನಾದರೂ ಆದೀತು. ಸ್ಟಾರ್ಟ್ ಗೆರೆಯೂ ಟ್ರ್ಯಾಕಿನ ಬಹುಪಾಲೂ ಅದರೊಳಗೆ ಕಾಣಬೇಕು. ನೆಲಮಟ್ಟದಲ್ಲಿ ನಿಂತರೆ ಮೊದಲ ಬೈಕ್ ಎಬ್ಬಿಸಿದ ಧೂಳಿನ ಹಿಂದೆ ಉಳಿದ ಬೈಕುಗಳೆಲ್ಲ ಮಾಯ. ರೇಸು ಮಧ್ಯಾಹ್ನ ಮೂರರ ಮೇಲಿದ್ದರೆ ಮೈದಾನದ ಪಡುವಣ ಬದಿ ಹಿಡಿಯಿರಿ. ಸೂರ್ಯ ಕ್ಯಾಮೆರಾದ ಬೆನ್ನಿಗೆ ಬೀಳುತ್ತಾನೆ. ಬೇಸಿಗೆಯಲ್ಲಿ ಬೆಳಗಾವಿ ಕಡೆ ಆ ಹೊತ್ತಿನ ಗಾಳಿಯೂ ಹೆಚ್ಚಾಗಿ ಪಡುವಣದಿಂದಲೇ, ಹಾಗಾಗಿ ಧೂಳು ನಿಮ್ಮಿಂದ ದೂರ ಹೋಗುತ್ತದೆ. ಚಳಿಗಾಲದ ಮೂಡುಗಾಳಿಯಲ್ಲಿ ಈ ಅನುಕೂಲ ಇಲ್ಲ. ಒಂದು ಹಿಡಿ ಮಣ್ಣು ತೂರಿ ನೋಡಿ ತೀರ್ಮಾನಿಸಿ.

ಎರಡನೆಯ ಫೋನು ಅತಿ ನಿಧಾನದ ತಿರುವಿನ ಒಳಬದಿಗೆ. ಹಿಂದಿಕ್ಕುವುದು ಬ್ರೇಕ್ ಹಿಡಿಯುವ ಜಾಗದಲ್ಲಿ, ಅದು ಅಲ್ಲೇ ಸಿಗುತ್ತದೆ. ಹೊರಬದಿಗೆ ಯಾವ ಕಾರಣಕ್ಕೂ ನಿಲ್ಲಬೇಡಿ, ಹಿಡಿತ ತಪ್ಪಿದ ಬೈಕು ಬರುವುದೇ ಆ ಕಡೆ. ನೇರ ಓಟದ ಭಾಗದಲ್ಲಿ ಮಾತ್ರ ಎಲ್ಲ ಕ್ಯಾಮೆರಾ ಒಂದೇ ಬದಿಗಿರಲಿ. ಒಂದರಲ್ಲಿ ಎಡದಿಂದ ಬಲಕ್ಕೆ ಹೋದ ಬೈಕು ಇನ್ನೊಂದರಲ್ಲಿ ಬಲದಿಂದ ಎಡಕ್ಕೆ ಬಂದರೆ, ಮನೆಯಲ್ಲಿ ಕೂತವನಿಗೆ ಅದು ತಿರುಗಿ ಬಂದಂತೆ ಕಾಣುತ್ತದೆ. ಮೂರನೆಯ ಫೋನು ಸ್ಟಾರ್ಟ್ ಗೆರೆ ಮತ್ತು ಫಲಿತಾಂಶದ ಮೇಜಿಗೆ.

ಟ್ರ್ಯಾಕ್ಟರ್ ಜಗ್ಗುವ ಪಂದ್ಯದ ಲೆಕ್ಕ ಬೇರೆ. ಒಂದು ಫೋನನ್ನು ಹಿಂದಿನ ಗಾಲಿಯ ಎತ್ತರಕ್ಕೆ, ಅಡ್ಡಬದಿಯಿಂದ, ಕನಿಷ್ಠ 15 ಮೀಟರ್ ದೂರದಲ್ಲಿ ಕಂಬಕ್ಕೆ ಕಟ್ಟಿಬಿಡಿ, ಕೈಯಲ್ಲಿ ಹಿಡಿಯಬೇಡಿ. ಟೈರಿನ ಗುಬುಟುಗಳು ಎರೆಮಣ್ಣನ್ನು ಕಿತ್ತು ಹಿಂದಕ್ಕೆ ಎಸೆಯುವುದು, ಮುಂದಿನ ಗಾಲಿ ಒಂದು ಗೇಣು ಎದ್ದು ತೂಗಾಡುವುದು, ಡ್ರೈವರ್ ಕ್ಲಚ್ಚಿನ ಮೇಲೆ ಕಾಲಿಟ್ಟು ಇಳಿಸುವುದು, ಪಂದ್ಯ ಇರುವುದು ಇದರಲ್ಲೇ. ನೆಲದ ಮೇಲೆ ಮೀಟರಿಗೊಂದು ಸುಣ್ಣದ ಗೆರೆ ಎಳೆಸಿದರೆ ಎಷ್ಟು ಜಗ್ಗಿದ ಎಂಬುದಕ್ಕೆ ಕಾಮೆಂಟರಿಯೇ ಬೇಡ. ಸರಪಳಿಯ ನೇರಕ್ಕೆ, ಹಿಂದೆಯಾಗಲಿ ಮುಂದೆಯಾಗಲಿ, ಮನುಷ್ಯರು ನಿಲ್ಲಬಾರದು. ಕಡಿದ ಸರಪಳಿ ಅದೇ ಗೆರೆಯಲ್ಲಿ ಹಾರುತ್ತದೆ.

ಚಿತ್ರ ಚೌಕ ಚೌಕವಾಗಿ ಒಡೆಯುವುದಕ್ಕೆ ಎಲ್ಲರೂ ನೆಟ್‌ವರ್ಕ್ ಬೈಯುತ್ತಾರೆ. ಅರ್ಧ ತಪ್ಪು ಧೂಳಿನದು. ವಿಡಿಯೊ ಎನ್‌ಕೋಡರ್ ಹಿಂದಿನ ಫ್ರೇಮಿಗಿಂತ ಏನು ಬದಲಾಯಿತೋ ಅದನ್ನಷ್ಟೇ ಕಳಿಸಿ ಡೇಟಾ ಉಳಿಸುತ್ತದೆ. ಧೂಳಿನ ಮೋಡದಲ್ಲಿ ಪ್ರತಿ ಕಣವೂ ಪ್ರತಿ ಫ್ರೇಮಿಗೆ ಜಾಗ ಬದಲಿಸುವುದರಿಂದ ಉಳಿಸಲು ಏನೂ ಇರುವುದಿಲ್ಲ. ಇದ್ದ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) ಧೂಳಿಗೇ ಖರ್ಚಾಗಿ ಬೈಕಿನ ನಂಬರ್ ಕಲಸಿಹೋಗುತ್ತದೆ. ಆದ್ದರಿಂದ 1080ಪಿ ಆಸೆ ಬಿಡಿ. 720ಪಿ, ಸೆಕೆಂಡಿಗೆ 50 ಅಥವಾ 60 ಫ್ರೇಮ್, ಬಿಟ್‌ರೇಟ್ 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್), ಕೀಫ್ರೇಮ್ (ಪೂರ್ತಿ ಚಿತ್ರ ಹೊತ್ತ ಫ್ರೇಮ್) 2 ಸೆಕೆಂಡಿಗೊಂದು. ಓಟದ ಚಿತ್ರಕ್ಕೆ ಪಿಕ್ಸೆಲ್‌ಗಿಂತ ಫ್ರೇಮ್ ಮುಖ್ಯ. ಡಿಜಿಟಲ್ ಝೂಮ್ ಮುಟ್ಟಬೇಡಿ, ಫೋಕಸ್ ಮತ್ತು ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಲಾಕ್ ಮಾಡಿ. ಇಲ್ಲವಾದರೆ ಧೂಳು ಎದ್ದಾಗೆಲ್ಲ ಫೋಕಸ್ ಅದರ ಹಿಂದೆ ಓಡುತ್ತದೆ.

ಬಿಸಿಲಿಗೆ ಫೋನು ಶಟರ್ ವೇಗವನ್ನು ತಾನೇ ಸೆಕೆಂಡಿನ 1/2000, 1/4000ಕ್ಕೆ ಏರಿಸಿಕೊಳ್ಳುತ್ತದೆ. ಆಗ ಓಡುವ ಗಾಲಿಯೂ ನಿಂತಂತೆ ಕಂಡು ವೇಗವೇ ಸತ್ತುಹೋಗುತ್ತದೆ. ಬೆಳಕು ತಗ್ಗಿಸುವ ಕಪ್ಪು ಗಾಜಿನ ಎನ್‌ಡಿ 32 ಫಿಲ್ಟರ್ ಕ್ಲಿಪ್ ಹಾಕಿದರೆ 1/125ರ ಹತ್ತಿರಕ್ಕೆ ಇಳಿಯುತ್ತದೆ, ಗಾಲಿ ತಿರುಗುವುದು ಕಾಣುತ್ತದೆ.

ನೆಟ್‌ವರ್ಕಿನ ಮಾತು. ಬೆಳಿಗ್ಗೆ 11ಕ್ಕೆ 20 ಎಂಬಿಪಿಎಸ್ ಅಪ್‌ಲೋಡ್ ತೋರಿಸಿದ ಟವರ್, ನಾಲ್ಕು ಗಂಟೆಗೆ ಸಾವಿರಾರು ಮಂದಿ ಸೇರಿದಾಗ 1ಕ್ಕೆ ಬೀಳಬಹುದು. ಕಳಿಸುವ ಬಿಟ್‌ರೇಟಿನ ಎರಡು ಪಟ್ಟು ಅಪ್‌ಲೋಡ್ ಸತತವಾಗಿ ಇರಬೇಕು. ಪಕ್ಕದ ಮನೆಗೋ ಶಾಲೆಗೋ ಫೈಬರ್ ಇದ್ದರೆ ಕೈಮುಗಿದು ಕೇಳಿ ಲೈನ್ ಎಳೆಯಿರಿ. ಕ್ಯಾಟ್ 6 ವೈರು 100 ಮೀಟರ್ ತನಕ ಸಾಕು. ಅದಿಲ್ಲದಿದ್ದರೆ ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಳ್ಳಿ. 4 ಎಂಬಿಪಿಎಸ್‌ನಲ್ಲಿ ನಾಲ್ಕು ತಾಸಿಗೆ 7.2 ಜಿಬಿ ಹೋಗುತ್ತದೆ, ದಿನಕ್ಕೆ 2 ಜಿಬಿ ಪ್ಯಾಕ್ ಒಂದು ತಾಸು ದಾಟಿ ಸ್ವಲ್ಪಕ್ಕೆ ಮುಗಿಯುತ್ತದೆ. ಕ್ಯಾಮೆರಾ ಫೋನುಗಳನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಬಿಡಿ, ಯಾರದೋ ಒಂದು ಕಾಲ್ ಬಂದು ಚಿತ್ರ ನಿಲ್ಲುವುದು ತಪ್ಪುತ್ತದೆ. ಚಾನೆಲ್ ಹೊಸದಾದರೆ ಲೈವ್ ಚಾಲೂ ಆಗಲು 24 ತಾಸು ಹಿಡಿಯಬಹುದು, ಜಾತ್ರೆಯ ದಿನ ನೆನಪಾದರೆ ಪ್ರಯೋಜನವಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಫೋನಿನ ಕವರ್ ತೆಗೆದು, ಮೇಲೆ ಕೊಡೆ ಕಟ್ಟಿ, ಸ್ಕ್ರೀನ್ ಬೆಳಕು ತಗ್ಗಿಸಿ. ಕಾದ ಫೋನು ಮೊದಲು ಫ್ರೇಮ್ ಬಿಡುತ್ತದೆ, ಆಮೇಲೆ ಆರಿಹೋಗುತ್ತದೆ.

ಸದ್ದಿನಲ್ಲಿ ಆಗುವಷ್ಟು ಅನಾಹುತ ಚಿತ್ರದಲ್ಲೂ ಆಗುವುದಿಲ್ಲ. ಮೈದಾನದ ಸ್ಪೀಕರಿನಿಂದ ಬರುವ ಕಾಮೆಂಟರಿಯನ್ನೇ ಫೋನಿನ ಮೈಕಿಗೆ ಬಿಡುತ್ತಾರೆ. ನೂರು ಮೀಟರ್ ದೂರದ ಸ್ಪೀಕರಿನ ದನಿ ಸುಮಾರು 0.3 ಸೆಕೆಂಡ್ ತಡವಾಗಿ ಬರುತ್ತದೆ, ನಾಲ್ಕು ಕಡೆ ಸ್ಪೀಕರಿದ್ದರೆ ನಾಲ್ಕು ಪ್ರತಿಧ್ವನಿ. ಮೈಕುಗಳೆಲ್ಲ ಸೇರುವ ಮಿಕ್ಸರಿನಿಂದ ಲೈನ್ ಔಟ್ (ಸದ್ದು ಹೊರಬರುವ ವೈರು) ನೇರ ಲ್ಯಾಪ್‌ಟಾಪಿಗೆ ತೆಗೆದುಕೊಳ್ಳಿ. ಎಂಜಿನ್ನಿನ ಸದ್ದಿಗೆ ಬೇರೆ ಮೈಕು, ಗಾಳಿಗೆ ಉಣ್ಣೆಯ ಟೋಪಿ, ಮಟ್ಟ ಮೈನಸ್ 12 ಡಿಬಿ ದಾಟದಂತೆ. ರೇಸು ನಡೆಯುವಾಗ ಡಿಜೆ ಹಾಡು ಬಂದ್ ಮಾಡಿಸಲೇಬೇಕು. ಯೂಟ್ಯೂಬ್ ಲೈವನ್ನೂ ಜಾಲಾಡುತ್ತದೆ. ಹಕ್ಕುಸ್ವಾಮ್ಯದ ಹಾಡು ಸಿಕ್ಕರೆ ಫೈನಲ್ ನಡುವೆಯೇ ಲೈವ್ ಕಡಿಯಬಹುದು.

ಕಾಮೆಂಟರಿ ಮಾಡುವವರಿಗೆ ನನ್ನ ಕಳಕಳಿಯ ಬೇಡಿಕೆ: ಬಹುಮಾನ ಕೊಟ್ಟವರ ಹೆಸರು ಎರಡು ಹೀಟ್‌ಗಳ (ಬಿಡಿ ಓಟಗಳ) ನಡುವೆ ಓದಿ, ಮನಸಾರೆ ಓದಿ. ಬಾವುಟ ಬಿದ್ದ ಮೇಲೆ ಬೇಡ. ಗೆರೆಯ ಹತ್ತಿರ ಒಬ್ಬ ಹುಡುಗನಿಗೆ ಸ್ಟಾಪ್‌ವಾಚ್ ಕೊಡಿ. ಮೊದಲಿನವ ಗೆರೆ ದಾಟಿದಾಗ ಒತ್ತಿ, ಎರಡನೆಯವ ದಾಟಿದಾಗ ನಿಲ್ಲಿಸಿ, ಚೀಟಿಯಲ್ಲಿ ಬರೆದು ಕೊಡಲಿ. "ಹೋದ ಸುತ್ತಿಗೆ 3.5 ಇತ್ತು, ಈಗ 2.8, ಹದಿನಾಲ್ಕು ನಂಬರಿನವ ಬ್ರೇಕ್ ತಡಮಾಡಿ ಒಳಗಿನಿಂದ ನುಗ್ಗಾಕತ್ತಾನ" ಅಂತ ಹೇಳಿದರೆ ಪುಣೆಯಲ್ಲಿ ಕೂತವನು ಎದ್ದು ನಿಲ್ಲುತ್ತಾನೆ. ಅದಕ್ಕೆ ನಂಬರ್ ಓದಲು ಬರಬೇಕು: ಬಿಳಿ ಹಲಗೆಯ ಮೇಲೆ ಕಪ್ಪು ಅಂಕಿ, 15 ಸೆಂಟಿಮೀಟರ್ ಎತ್ತರ, ಮುಂದೆ ಒಂದು, ಎರಡು ಬದಿಗೆ ಎರಡು. ಹೊಳೆಯುವ ರೇಡಿಯಂ ಬೇಡ, ಬಿಸಿಲಿಗೆ ಬರಿ ಬಿಳಿ ಕಾಣುತ್ತದೆ.

ಪ್ರತಿ ಹೀಟ್ ಮುಗಿದಾಗ ಸಹಿ ಬಿದ್ದ ಫಲಿತಾಂಶದ ಹಾಳೆಯನ್ನು ಮೂರನೆಯ ಫೋನಿನ ಮುಂದೆ ಪೂರ್ತಿ 10 ಸೆಕೆಂಡ್ ಹಿಡಿಯಿರಿ, ಕೈ ಅಲ್ಲಾಡದಂತೆ. ರಾತ್ರಿ ಬಹುಮಾನದ ಹೊತ್ತಿಗೆ ತಕರಾರು ಎದ್ದರೆ ಎಲ್ಲರೂ ಹುಡುಕುವುದು ಆ ಹತ್ತು ಸೆಕೆಂಡನ್ನೇ.