ತೇಗಿದ ದನಕ್ಕೆ ದಂಡ

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಭೂಮಿ ಬಿಸಿಯಾಗುತ್ತಿರುವುದಕ್ಕೆ ಕಾರಣ ನೀವಲ್ಲ, ನಾನಲ್ಲ, ದನದ ತೇಗು! ಡೆನ್ಮಾರ್ಕ್ 2030ರಿಂದ ಅದಕ್ಕೆ ತೆರಿಗೆ ಹಾಕುತ್ತದಂತೆ. ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ ಅನಿಲದ ಟನ್ನಿಗೆ 300 ಕ್ರೋನರ್ (ಅಲ್ಲಿನ ಹಣ), ಅದರಲ್ಲಿ ಶೇ 60 ವಿನಾಯಿತಿ. ತೆರಿಗೆಗೂ ಸೇಲು ಬಂತು ನೋಡಿ.

ಸುದ್ದಿ ಓದಿದವರೆಲ್ಲ ‘ಹೂಸಿನ ತೆರಿಗೆ’ ಅಂತ ಬಿದ್ದು ಬಿದ್ದು ನಕ್ಕರು. ಪಾಪ, ದನದ ಹಿಂಬದಿಗೆ ಸುಮ್ನೆ ಕೆಟ್ಟ ಹೆಸರು. ಭೂಮಿ ಬಿಸಿ ಮಾಡುವ ಮೀಥೇನ್ ಅನಿಲ ಬಹುಪಾಲು ಹೊರಡುವುದು ಬಾಯಿಂದ, ತೇಗಿನ ಜೊತೆ.

ನ್ಯೂಜಿಲೆಂಡ್ ಈ ಆಟವನ್ನು ಮೊದಲೇ ಆಡಿ ಮುಗಿಸಿದೆ. 2003ರಲ್ಲಿ ಇಂಥದೇ ಪ್ರಸ್ತಾಪ ಬಂದಾಗ ಸಂಸದರೊಬ್ಬರು ಸಂಸತ್ತಿನ ಮೆಟ್ಟಿಲ ಮೇಲೆ ಟ್ರ್ಯಾಕ್ಟರ್ ಹತ್ತಿಸಿದರು. 2022ರಲ್ಲಿ ಮತ್ತೆ ಪ್ರಸ್ತಾಪ. ಸರ್ಕಾರ ಬದಲಾಯಿತು, 2024ರಲ್ಲಿ ಅದೂ ಮೂಲೆ ಸೇರಿತು. ಆ ದೇಶ ಬಿಡುವ ಹಸಿರುಮನೆ ಅನಿಲದಲ್ಲಿ ಸುಮಾರು ಅರ್ಧ ಕೃಷಿಯದ್ದೇ. ಇರಲಿ ಬಿಡಿ, ಟ್ರ್ಯಾಕ್ಟರ್ ಗೆದ್ದಿತಲ್ಲ.

ಜಾಣರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ದನದ ಮೂತಿಗೆ ಮಾಸ್ಕ್ ಮಾಡಿದರು. ಕಡಲ ಪಾಚಿ ತಿನ್ನಿಸಿದರು. ಮೇವಿಗೆ ಬೋವೇರ್ ಎಂಬ ಪುಡಿ ಬೆರೆಸಿದರು, ಮೀಥೇನ್ ಸುಮಾರು ಶೇ 30 ಇಳಿಯಿತು. ಇಳಿದರೆ ಜನ ಬಿಡುತ್ತಾರಾ? 2024ರ ಕೊನೆಯಲ್ಲಿ ಬ್ರಿಟನ್ನಿನ ಕೆಲವರು ‘ಪುಡಿ ತಿಂದ ದನದ ಹಾಲು ಬೇಡ’ ಎಂದು ಸಿಂಕಿಗೆ, ಕಮೋಡಿಗೆ ಹಾಲು ಸುರಿದು ವಿಡಿಯೋ ಹಾಕಿದರು. ಆಮೇಲೆ ಬೇರೆ ಕಂಪನಿಯ ಹಾಲು ತಂದಿರುತ್ತಾರೆ.

ಇಷ್ಟೆಲ್ಲ ಸಾಹಸ ಯಾಕೆ ಗೊತ್ತಾ? ‘ಸ್ವಲ್ಪ ಕಡಿಮೆ ಮಾಂಸ ತಿನ್ನಿ’ ಎಂಬ ಒಂದು ಮಾತು ಯಾವ ಮಂತ್ರಿಯ ಬಾಯಿಂದಲೂ ಹೊರಡಬಾರದು, ಅಷ್ಟೇ. ತಿನ್ನುವವರಿಗೆ ವೋಟಿದೆ, ತೇಗುವವರಿಗಿಲ್ಲ. 1917ರಲ್ಲಿ ಯುದ್ಧಕ್ಕೆ ಬೇಕೆಂದು ಅಮೆರಿಕ ಸರ್ಕಾರವೇ ಮಂಗಳವಾರ ಮಾಂಸ ಬಿಡಿ ಎಂದಿತ್ತು. ಯುದ್ಧಕ್ಕೆ ಕೇಳಬಹುದು, ಭೂಮಿಗೆ ಕೇಳಬಾರದು.

ಸಸ್ಯಾಹಾರಿಗಳು ಇಲ್ಲಿ ಮೀಸೆ ತಿರುವಬೇಡಿ. ಕೆಜಿಗೆ ಕೆಜಿ ತೂಗಿದರೆ ಚೀಸಿನ ಪಾಪ ಕೋಳಿಮಾಂಸದ ಪಾಪಕ್ಕಿಂತ ಜಾಸ್ತಿ. ಅದೂ ಅದೇ ತೇಗುವ ದನದ್ದು.

ಹಾಗಾದರೆ ಕೋಳಿಯೇ ವಾಸಿ ಅಲ್ವಾ? ಪರಿಸರದ ಕಾಳಜಿಯಿಂದ ದನ ಬಿಟ್ಟು ಕೋಳಿಗೆ ಬಂದ ಪುಣ್ಯಾತ್ಮರು ಬೇಕಾದಷ್ಟಿದ್ದಾರೆ. ಅನಿಲದ ಲೆಕ್ಕ ಸರಿ. ಜೀವದ ಲೆಕ್ಕ? ಒಂದು ದನದ ಮಾಂಸ ಸರಿದೂಗಿಸಲು ನೂರಕ್ಕೂ ಜಾಸ್ತಿ ಕೋಳಿ ಬೇಕು. ಜಗತ್ತಿನಲ್ಲಿ ವರ್ಷಕ್ಕೆ 7,000 ಕೋಟಿಗೂ ಹೆಚ್ಚು ಕೋಳಿ ಕೊಲ್ಲುತ್ತಾರೆ. ಬ್ರಾಯ್ಲರ್ ಮರಿಯ ಆಯಸ್ಸು ಸುಮಾರು ಆರು ವಾರ. ಎದೆ ಬೆಳೆಯುವ ವೇಗಕ್ಕೆ ಕಾಲು ತಡೆಯುವುದಿಲ್ಲ. ಕುಂಟುತ್ತದೆ, ಆಮೇಲೆ ಕೂತುಬಿಡುತ್ತದೆ, ತನ್ನದೇ ಹಿಕ್ಕೆಯ ಮೇಲೆ. ಅದರ ಅಮೋನಿಯಾಕ್ಕೆ ಕಾಲಿನ ಚರ್ಮ ಸುಡುತ್ತದೆ. ಮಾಂಸದಂಗಡಿಯಲ್ಲಿ ಕೋಳಿಕಾಲಿನ ಗಂಟಿನ ಹತ್ತಿರ ಕಂದು ಕಲೆ ಕಂಡರೆ, ಅದೇ ಅದು. ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಸಿಗಲಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿದ್ದೂ ನಡೆಯುತ್ತಿದೆ, ಹೇಳಿ ಹೇಳಿ ಸಾಕಾಗಿದೆ.

ಇಷ್ಟು ಹೇಳುವಷ್ಟರಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ: ‘ಗಿಡಕ್ಕೂ ನೋವಾಗುತ್ತದಲ್ಲ ಸಾರ್?’ ಹುಟ್ಟಿದಾಗಿನಿಂದ ಒಂದು ಎಲೆಕೋಸಿನ ಮೇಲೂ ಕರುಣೆ ತೋರದವರು ಇವರು. ಜಗತ್ತು ಬೆಳೆಯುವ ಸೋಯಾದಲ್ಲಿ ಮುಕ್ಕಾಲು ಪಾಲು ಹೋಗುವುದು ಪ್ರಾಣಿಗಳ ಹೊಟ್ಟೆಗೆ. ಗಿಡದ ಮೇಲೆ ಅಷ್ಟು ಮರುಕವಿದ್ದರೆ ಗಿಡವನ್ನೇ ನೇರವಾಗಿ ತಿನ್ನಿ ಸ್ವಾಮಿ, ಸಾಯುವ ಗಿಡಗಳಾದರೂ ಕಡಿಮೆಯಾಗುತ್ತವೆ ಎಂದೆ.

‘ಅದೆಲ್ಲ ಸರಿ, ಪ್ರೋಟೀನಿಗೇನು ಮಾಡೋದು?’ ಅಂದರು.